ಮನೆಗೆಲಸದ ಹಂಚಿಕೆಯೂ ಕೂಲಿಯ ಉಳಿತಾಯವೂ

ಬೇಸಾಯದ ಖರ್ಚನ್ನು ಲೆಕ್ಕ ಹಾಕುವಾಗ ಬೀಜ, ಗೊಬ್ಬರ, ಉಳುಮೆ, ಕೂಲಿ ಇವುಗಳನ್ನು ಎಲ್ಲರೂ ಬರೆದಿಡುವರು. ಮನೆಯೊಳಗಿನ ಕೆಲಸವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಕೈಯಿಂದ ಹಣ ಕೊಡಬೇಕಾಗಿಲ್ಲವೆಂಬುದೇ ಇದಕ್ಕೆ ಕಾರಣ. ಆದರೆ ಮನೆಗೆಲಸವೆಲ್ಲವೂ ಒಬ್ಬಳ ಮೇಲೆಯೇ ಬಿದ್ದಲ್ಲಿ ಅದರ ಬೆಲೆಯನ್ನು ಒಕ್ಕಲಿಗನು ಹೊಲದಲ್ಲಿ ಕೂಲಿಯ ರೂಪವಾಗಿ ತೆರಬೇಕಾಗುತ್ತದೆ.

ಶಿರಾ ತಾಲ್ಲೂಕಿನ ಬರಗೂರಿನಂತಹ ಮಳೆಯಾಶ್ರಯದ ಸೀಮೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುವುದು. ಮಳೆ ಬಿದ್ದು ಹದ ಬಂದೊಡನೆ ಎಲ್ಲರೂ ಏಕಕಾಲದಲ್ಲಿ ಕಡಲೆಕಾಯಿ ಬಿತ್ತುವರು. ಆದುದರಿಂದ ಕಳೆಯೂ ಎಲ್ಲರ ಹೊಲಗಳಲ್ಲಿ ಏಕಕಾಲದಲ್ಲಿ ಏಳುತ್ತದೆ. ಆಳುಗಳು ದೊರೆಯುವುದು ಕಷ್ಟವಾಗುತ್ತದೆ. ಬಿತ್ತಿದ ಮೊದಲ ಆರು ವಾರಗಳೊಳಗೆ ಕಳೆ ತೆಗೆಯದಿದ್ದರೆ ಇಳುವರಿ ಕುಗ್ಗುವುದು. ಹೂವಿನ ಸೂಜಿಗಳು ಮಣ್ಣಿಗೆ ಇಳಿಯತೊಡಗಿದ ಮೇಲೆ ನೆಲವನ್ನು ಕೆದಕಿದರೆ ಕಾಯಿ ಕಟ್ಟುವುದಕ್ಕೇ ಹಾನಿ. ಆ ದಿನಗಳಲ್ಲಿ ಮನೆಯವರ ಕೈಗಳು ಬಿಡುವಾಗಿಲ್ಲದಿದ್ದರೆ ಸಾಲ ಮಾಡಿಯಾದರೂ ಕೂಲಿ ಕೊಡಬೇಕಾಗುವುದು.

ಕೆಲಸದ ಭಾರ ಯಾರ ಮೇಲಿದೆ?

ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಲ್ಲಿ ಈ ವಿಷಯವನ್ನು ಅಳೆದು ನೋಡಿದರು. ಕಟ್ಟಿಗೆ ತರುವುದು, ನೀರು ಹೊರುವುದು, ಅಡಿಗೆ, ದನ ಮೇಯಿಸುವುದು, ಬೇಸಾಯ ಈ ಐದು ಕೆಲಸಗಳಿಗೆ ಹಿಡಿದ ಕಾಲದಲ್ಲಿ ಹೆಂಗಸರ ಪಾಲು ನೂರಕ್ಕೆ 53, ಗಂಡಸರದು 31, ಮಕ್ಕಳದು 16 ಎಂದು ಕಂಡುಬಂದಿತು. ಕಟ್ಟಿಗೆ ತರುವುದೊಂದಕ್ಕೇ ಮನೆಯೊಂದಕ್ಕೆ ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು.

ಆ ಬಳಿಕ ಅನೇಕ ಮನೆಗಳಿಗೆ ನಲ್ಲಿಯ ನೀರೂ ಗ್ಯಾಸ್ ಒಲೆಯೂ ಬಂದಿವೆ. ಆದರೂ ಹಂಚಿಕೆ ಹೆಚ್ಚಾಗಿ ಬದಲಾಗಿಲ್ಲ. 2019ರಲ್ಲಿ ಭಾರತ ಸರ್ಕಾರವು ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ದೇಶದ ಹಳ್ಳಿಗಳಲ್ಲಿ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ 301 ನಿಮಿಷಗಳನ್ನೂ ಗಂಡಸರು 98 ನಿಮಿಷಗಳನ್ನೂ ಅದಕ್ಕೆ ವಿನಿಯೋಗಿಸಿದರು. ಹೀಗೆ ಕೈಹಾಕಿದವರಾದರೂ ಹೆಂಗಸರಲ್ಲಿ ನೂರಕ್ಕೆ ಸುಮಾರು 82 ಮಂದಿ. ಗಂಡಸರಲ್ಲಿ ಸುಮಾರು 28 ಮಂದಿ ಮಾತ್ರ.

ಒಂದು ಲೆಕ್ಕ

ಐವರಿರುವ ಒಂದು ಕುಟುಂಬದಲ್ಲಿ ಗೃಹಿಣಿಯ ಕೆಲಸದಿಂದ ದಿನಕ್ಕೆ ಎರಡು ಗಂಟೆಗಳನ್ನು ಇತರ ಮೂವರು ತಲಾ 40 ನಿಮಿಷಗಳಂತೆ ವಹಿಸಿಕೊಂಡರೆಂದು ಇಟ್ಟುಕೊಳ್ಳಬಹುದು. ನಾಲ್ಕು ದಿನಗಳಿಗೆ 8 ಗಂಟೆ, ಅಂದರೆ ಒಂದು ಆಳಿನ ಕೆಲಸ, ಉಳಿಯುತ್ತದೆ. ಕಳೆಯ ಕಾಲದ 24 ದಿನಗಳಲ್ಲಿ ಆರು ಆಳಿನ ಕೆಲಸವಾಯಿತು. ಉದ್ಯೋಗ ಖಾತರಿ ಯೋಜನೆಯಲ್ಲಿ 2025–26ನೆಯ ಸಾಲಿಗೆ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ದಿನಗೂಲಿ 370 ರೂಪಾಯಿ. ಆ ದರದಂತೆ ಉಳಿತಾಯವು 2,220 ರೂಪಾಯಿ. ಯಾರೊಬ್ಬರಿಗೂ ಇದರಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚಿನ ಹೊರೆಯಾಗದು.

ಹಂಚತಕ್ಕ ಕ್ರಮ

1. ಬೆಳಗಿನ ಕೊಟ್ಟಿಗೆಯ ಕಸ ಬಳಿಯುವುದು, ಮೇವು ಹಾಕುವುದು, ನೀರು ತುಂಬುವುದು ಇವು ಪ್ರಾಯದ ಗಂಡಸರ ಪಾಲಿಗಿರಲಿ.

2. ಕಾಳು ಹಸನುಮಾಡುವುದು, ಸೊಪ್ಪು ಸೋಸುವುದು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಮುಂತಾದ ಕುಳಿತು ಮಾಡುವ ಕೆಲಸಗಳನ್ನು ಹಿರಿಯರು ಶಕ್ತ್ಯನುಸಾರ ವಹಿಸಿಕೊಳ್ಳಬಹುದು.

3. ಬಿತ್ತನೆಯ ಕಡಲೆಕಾಯಿಯನ್ನು ಬಿತ್ತುವುದಕ್ಕೆ ಸುಮಾರು ಒಂದು ವಾರ ಮೊದಲು, ಸಂಜೆಯ ಹೊತ್ತು ಮನೆಯವರೆಲ್ಲರೂ ಕುಳಿತು ಸುಲಿಯತಕ್ಕದ್ದು. ಇದರಿಂದ ಸುಲಿಯುವ ಕೂಲಿ ಉಳಿಯುವುದಲ್ಲದೆ, ಯಂತ್ರದಲ್ಲಿ ಒಡೆಯುವಷ್ಟು ಬೀಜವು ಕೈಯಲ್ಲಿ ಒಡೆಯುವುದಿಲ್ಲ, ಮೊಳಕೆಯೂ ಚೆನ್ನಾಗಿರುವುದು.

4. ತಟ್ಟೆ ತೊಳೆಯುವುದು, ಹಾಸಿಗೆ ಸುತ್ತಿಡುವುದು ಇಂತಹ ಅಲ್ಪ ಕೆಲಸಗಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಕಲಿಸಬೇಕು. ಆದರೆ ಕೆಲಸಕ್ಕಾಗಿ ಶಾಲೆ ಬಿಡಿಸಕೂಡದು. ಕೂಲಿ ಉಳಿಸಹೋಗಿ ವಿದ್ಯೆಯನ್ನು ಕಳೆದರೆ ಅದು ಉಳಿತಾಯವಲ್ಲ, ನಷ್ಟ.

ಗಮನಿಸತಕ್ಕ ಅಂಶ

ಒಲೆಯ ಮುಂದಿನಿಂದ ಬಿಡಿಸಿದ ಎರಡು ಗಂಟೆಗಳನ್ನೂ ಅದೇ ಹೆಂಗಸಿನಿಂದ ಹೊಲದಲ್ಲಿ ದುಡಿಸಿಕೊಂಡರೆ ಅದು ಹಂಚಿಕೆಯಾಗದು. ಹೊರೆಯು ಒಂದೆಡೆಯಿಂದ ಇನ್ನೊಂದೆಡೆಗೆ ಹೋದಂತಾಗುವುದು. ಆದುದರಿಂದ ಅದರಲ್ಲಿ ಒಂದು ಭಾಗ ಅವಳ ವಿಶ್ರಾಂತಿಗೆ ಸಲ್ಲಬೇಕು. ಆಗ ಮೇಲಿನ ಉಳಿತಾಯ ಅರ್ಧವಾದರೂ, ಅಂದರೆ 1,110 ರೂಪಾಯಿಯಾದರೂ, ಚಿಂತೆಯಿಲ್ಲ. ಬಳಲಿ ಕಾಯಿಲೆ ಬಿದ್ದವಳ ಔಷಧಕ್ಕೆ ಅದಕ್ಕಿಂತ ಹೆಚ್ಚು ಹಣ ತಗಲುವುದು. ಮತ್ತು ಆಳುಗಳನ್ನು ಕರೆಯಲೇಬೇಕಾದಾಗ ಅವರ ಕೂಲಿಯನ್ನು ಕಡಿಮೆ ಮಾಡುವುದು ಈ ಉಪಾಯದ ಉದ್ದೇಶವಲ್ಲ.

ಮುಖಂಡರ ಕರ್ತವ್ಯ

ನಮ್ಮ ಹಳ್ಳಿಗಳಿಗೆ ಮುಯ್ಯಾಳಿನ ಪದ್ಧತಿ ಹೊಸದಲ್ಲ. ಇಂದು ಒಬ್ಬರ ಹೊಲಕ್ಕೆ ಹೋದವರಿಗೆ ನಾಳೆ ಅವರು ಬಂದು ದುಡಿಯುವರು. ಇದರಲ್ಲಿ ಯಾರೂ ಅಪಮಾನವನ್ನು ಎಣಿಸುವುದಿಲ್ಲ. ನೆರೆಯವನಿಗೆ ಸಲ್ಲುವ ಈ ನ್ಯಾಯವು ಮನೆಯವಳಿಗೆ ಸಲ್ಲದಿರುವುದು ಸರಿಯಲ್ಲ. ಗಂಡಸು ಕೊಡ ಹಿಡಿದರೆ, ಪೊರಕೆ ಮುಟ್ಟಿದರೆ ಮರ್ಯಾದೆ ಹೋಗುವುದೆಂಬ ಭಾವನೆಯೇ ಇಲ್ಲಿ ದೊಡ್ಡ ಅಡ್ಡಿ. ಊರಿನ ಮುಖಂಡರೂ ದೊಡ್ಡ ಹಿಡುವಳಿದಾರರೂ ತಮ್ಮ ಮನೆಗಳಲ್ಲಿ ಇದನ್ನು ಮೊದಲು ಆಚರಣೆಗೆ ತಂದರೆ ಉಳಿದವರ ಸಂಕೋಚ ತಾನಾಗಿಯೇ ಕಳೆಯುವುದು. ಮುಂದಿನ ಬಿತ್ತನೆಗೆ ಮುಂಚೆ ಮನೆಯವರೆಲ್ಲರೂ ಒಂದು ಸಂಜೆ ಕುಳಿತು, ದಿನದ ಕೆಲಸಗಳನ್ನೂ ಅವಕ್ಕೆ ಹಿಡಿಯುವ ಕಾಲವನ್ನೂ ಪಟ್ಟಿಮಾಡಿ ಹಂಚಿಕೊಂಡು, ಸುಗ್ಗಿಯ ನಂತರ ಕೂಲಿಯ ಲೆಕ್ಕವನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸಿ ನೋಡತಕ್ಕದ್ದು.