ಲಿಫ್ಟ್ ಸುರಕ್ಷತೆ: ಸಂಹಿತೆ, ಕಾಯ್ದೆ, ಪರವಾನಗಿ

1. ಎಲಿಷಾ ಓಟಿಸ್: ಹಗ್ಗ ತುಂಡಾದರೂ ಬೀಳದ ಲಿಫ್ಟ್‌ನ ಪ್ರದರ್ಶನ, ನ್ಯೂಯಾರ್ಕ್, 1854. ಅಲ್ಲೇ 1857ರಲ್ಲಿ ಅವರ ಕಂಪನಿಯ ಮೊದಲ ಪ್ರಯಾಣಿಕ ಲಿಫ್ಟ್. ಎರಡು ಇಸವಿಗಳನ್ನು ಅದಲುಬದಲು ಮಾಡಬೇಡಿ.

2. ಅಮೆರಿಕ: ಎಎಸ್‌ಎಂಇ ಎ17.1 ಸುರಕ್ಷತಾ ಸಂಹಿತೆ (ಮೊದಲ ಆವೃತ್ತಿ 1921).

3. ಯುರೋಪ್: ಮಾನಕಗಳಾದ ಇಎನ್ 81-20, ಇಎನ್ 81-50 (ಮೊದಲ ಆವೃತ್ತಿ 2014).
- 20: ಲಿಫ್ಟ್‌ನ ನಿರ್ಮಾಣ, ಅಳವಡಿಕೆ
- 50: ಬಿಡಿಭಾಗಗಳ ಲೆಕ್ಕಾಚಾರ, ಪರೀಕ್ಷೆ

4. ಭಾರತ: ಬಿಐಎಸ್ ಮಾನಕ ಐಎಸ್ 14665, ಹೊಸ ಸರಣಿ ಐಎಸ್ 17900. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 8ನೇ ಭಾಗವನ್ನೂ ನೋಡಿ. ಲಿಫ್ಟ್ ಕಾಯ್ದೆ ಮಾತ್ರ ರಾಜ್ಯಗಳದ್ದು.

5. ಕರ್ನಾಟಕ: ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಕಾಯ್ದೆ, 2012. ಪರವಾನಗಿ, ತಪಾಸಣೆ: ವಿದ್ಯುತ್ ಪರಿವೀಕ್ಷಣಾಲಯ. ಪರೀಕ್ಷೆಯಲ್ಲಿ ‘ಅಗ್ನಿಶಾಮಕ ಇಲಾಖೆ’ ಎಂಬ ಆಯ್ಕೆ ಬಲೆ!

6. ಗೊಂದಲ: ಗವರ್ನರ್ ಅತಿವೇಗವನ್ನು ಗುರುತಿಸುತ್ತದೆ, ಸೇಫ್ಟಿ ಗೇರ್ ಹಳಿಯನ್ನು ಕಚ್ಚಿ ನಿಲ್ಲಿಸುತ್ತದೆ. ಗುಂಡಿಯ ತಳದ ಬಫರ್ ಬ್ರೇಕ್ ಅಲ್ಲ, ಆಘಾತ ತಗ್ಗಿಸುವ ಸಾಧನ.