40 ರೂಪಾಯಿಯ ಫ್ಯೂಸು, 14,000 ರೂಪಾಯಿಯ ಅಂದಾಜು

ಬೆಂಗಳೂರಿನ ಜಯನಗರದ ಒಂದು ಮನೆಯಲ್ಲಿ ಕಳೆದ ವರ್ಷ ನಾಲ್ಕು ಭಾನುವಾರ ಯಾರೂ ಊಟದ ಮೇಜಿಗೆ ಕೂರಲಿಲ್ಲ. ಮೇಜಿನ ತುಂಬ ಹಳೇ ಪತ್ರಿಕೆ ಹಾಸಿತ್ತು. ಅದರ ಮೇಲೆ ಪಡ್ಡಿನ ಕಾವಲಿ, ಕಾವಲಿಯ ಒಂದೊಂದು ಗುಳಿಯಲ್ಲಿ ಒಂದೊಂದು ಭಾಗದ ಸ್ಕ್ರೂ. ನಡುವೆ ಮುಚ್ಚಳ ತೆಗೆದಿಟ್ಟ ಎಸ್ಪ್ರೆಸೊ ಯಂತ್ರ. ಇಟಲಿಯಲ್ಲಿ ತಯಾರಾದ, ಇಪ್ಪತ್ತು ವರ್ಷದಷ್ಟು ಹಳೆಯ ಅದನ್ನು ಊರು ಬಿಟ್ಟು ಹೊರಟಿದ್ದ ಕುಟುಂಬವೊಂದರಿಂದ ಈ ಅಂಕಣಕಾರ್ತಿ 8,000 ರೂಪಾಯಿಗೆ ಕೊಂಡು ತಂದಿದ್ದರು.

ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು, ಪಂಪು ಗುಂಯ್‌ಗುಡುತ್ತಿತ್ತು. ಆದರೆ ಯಂತ್ರ ಬಿಸಿಯಾಗುತ್ತಿರಲಿಲ್ಲ, ಒಂದು ಹನಿ ನೀರೂ ಇಳಿಯುತ್ತಿರಲಿಲ್ಲ. ನೀರು ಬರುತ್ತಿಲ್ಲ ಎಂದರೆ ಪಂಪು ಕೆಟ್ಟಿರಬೇಕು ಎಂದುಕೊಂಡು ಆಕೆ ಅದೇ ರಾತ್ರಿ 2,600 ರೂಪಾಯಿಯ ಹೊಸ ಪಂಪು ತರಿಸಿದರು. ಬಿಸಿಯಾಗದ ಕಾರಣ ಕೇಳಲು ಒಂದು ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿ ಯಂತ್ರವನ್ನು ಬಿಚ್ಚಿಯೂ ನೋಡದೆ ಬಾಯ್ಲರ್ ಬದಲಿಸಬೇಕು ಎಂದರು. ಅಂದಾಜು ಖರ್ಚು 14,000. ಕೊಂಡ ಬೆಲೆಗಿಂತ ಹೆಚ್ಚು. ಹಳೇ ಯಂತ್ರ ಕೊಂಡವರು ಬಹುಪಾಲು ಸೋಲುವುದು ಇಲ್ಲಿಯೇ. ಒಂದೋ ದುಡ್ಡು ಸುರಿಯುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ.

ಎರಡನ್ನೂ ಮಾಡದೆ ಆಕೆ 450 ರೂಪಾಯಿ ಕೊಟ್ಟು ಒಂದು ಮಲ್ಟಿಮೀಟರ್ ತಂದರು. ಇಡೀ ಕೆಲಸದಲ್ಲಿ ಅತ್ಯಂತ ಲಾಭ ತಂದ ಖರ್ಚು ಇದು. ಯಂತ್ರದ ತಳದ ಫಲಕದಲ್ಲಿ 230 ವೋಲ್ಟ್, 1400 ವ್ಯಾಟ್ ಎಂದು ಬರೆದಿತ್ತು. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಬರುವುದು ಸುಮಾರು 38. ಹೀಟರ್ ಸರಿಯಿದ್ದರೆ ಅದರ ಎರಡು ತುದಿಗಳ ನಡುವೆ ಮೀಟರು ಸುಮಾರು 38 ಓಮ್ ತೋರಿಸಬೇಕು. ಪ್ಲಗ್ ಕಿತ್ತು, ತಂತಿ ಬಿಡಿಸಿ ಮುಟ್ಟಿಸಿದಾಗ ತೋರಿಸಿದ್ದು 37.6. ಬಾಯ್ಲರ್ ಹೋಗಿರಲಿಲ್ಲ! ಬಾಯ್ಲರ್‌ಗೆ ಆತುಕೊಂಡಂತೆ ಬಿಳಿ ಕವಚದೊಳಗೆ ಅಡಗಿದ್ದ ಪುಟ್ಟ ಥರ್ಮಲ್ ಫ್ಯೂಸ್ ಹೋಗಿತ್ತು. ಬಿಸಿ ಮಿತಿಮೀರಿದರೆ ಒಮ್ಮೆ ಮಾತ್ರ ಕಡಿದುಕೊಂಡು ಯಂತ್ರವನ್ನೂ ಮನೆಯನ್ನೂ ಕಾಯುವುದು ಅದರ ಕೆಲಸ.

ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಅಷ್ಟೇ ಡಿಗ್ರಿಯ ಫ್ಯೂಸು 40 ರೂಪಾಯಿಗೆ ಸಿಕ್ಕಿತು. ಆಕೆ ಎರಡು ಕೊಂಡರು. ಅಂಗಡಿಯವರು ಪೊಟ್ಟಣ ಕೈಗಿಡುತ್ತಾ, ‘ಇದಕ್ಕೆ ಸೋಲ್ಡರ್ ಹಾಕ್ಬೇಡಿ ಮೇಡಂ, ಆ ಬಿಸಿಗೇ ಹೊರಟುಹೋಗುತ್ತೆ. ಕ್ರಿಂಪ್ ಮಾಡಿ’ ಎಂದು ತಡೆದು ಹೇಳಿದರು. ಆ ಒಂದು ಮಾತು ಹೇಳದಿದ್ದರೆ ಎರಡೂ ಫ್ಯೂಸು ಮನೆಯಲ್ಲಿ ವ್ಯರ್ಥವಾಗುತ್ತಿದ್ದವು.

ಫ್ಯೂಸು ಹಾಕಿ ಮುಚ್ಚಳ ಮುಚ್ಚಿಬಿಟ್ಟಿದ್ದರೆ ವಾರದಲ್ಲಿ ಅದೂ ಹೋಗುತ್ತಿತ್ತು. ಬಿಸಿ ಮಿತಿಮೀರಿದ್ದು ಏಕೆ? ಬಾಯ್ಲರ್‌ನಲ್ಲಿ ನೀರಿರಲಿಲ್ಲ. ನೀರಿರಲಿಲ್ಲವೇಕೆ? ಪರಿಚಯದ ಎಲೆಕ್ಟ್ರಿಷಿಯನ್ ಜೊತೆಗಿದ್ದಾಗ ಪಂಪಿನ ಕೊಳವೆಯನ್ನು ಬಾಯ್ಲರಿನಿಂದ ಬಿಡಿಸಿ ಸ್ಟೀಲ್ ಲೋಟಕ್ಕೆ ಬಿಟ್ಟು ನೋಡಿದರು. ನೀರು ಜೋರಾಗಿಯೇ ಚಿಮ್ಮಿತು. ಹಳೇ ಪಂಪು ಗಟ್ಟಿಯಾಗಿತ್ತು. 2,600 ರೂಪಾಯಿಯ ಹೊಸದು ಬೇಕೇ ಇರಲಿಲ್ಲ.

ತೊಂದರೆ ಇದ್ದದ್ದು ಪಂಪಿಗೂ ಬಾಯ್ಲರಿಗೂ ನಡುವಿನ ಕಿರಿದಾದ ದ್ವಾರದಲ್ಲಿ. ವರ್ಷಗಟ್ಟಲೆ ಬೋರ್ ನೀರು ಕುಡಿದ ಯಂತ್ರದೊಳಗೆ, ಗೀಸರಿನ ಕಾಯಿಲಿಗೆ ಕಟ್ಟುವಂಥದೇ ಸುಣ್ಣದ ಪೊರೆ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಬಾಯ್ಲರಿನ ಎರಡು ಹೋಳು ಬಿಡಿಸಿದಾಗ ತಳದಲ್ಲಿ ಬೆರಳುಗುರಿನಷ್ಟು ದಪ್ಪದ ಹಕ್ಕಳೆಗಳು ಕದಲುತ್ತಿದ್ದವು. ಅದರ ಒಂದು ಚೂರು ದ್ವಾರಕ್ಕೆ ಸಿಕ್ಕಿಕೊಂಡಿತ್ತು. ನೀರು ಒಳಗೆ ಹೋಗಲಿಲ್ಲ, ಇದ್ದ ನೀರು ಆವಿಯಾಯಿತು, ಒಣ ಬಾಯ್ಲರ್ ಕಾದಿತು, ಫ್ಯೂಸು ಕಡಿದುಕೊಂಡಿತು.

ಇದಕ್ಕೆ ಮದ್ದು ದಿನಸಿ ಅಂಗಡಿಯ ನಿಂಬೆಉಪ್ಪು, 60 ರೂಪಾಯಿ. ಲೀಟರಿಗೆ 20 ಗ್ರಾಂ ಬೆರೆಸಿದ ಬಿಸಿನೀರಿನಲ್ಲಿ ಭಾಗಗಳನ್ನು ಅದ್ದಿದಾಗ ನೊರೆ ಎದ್ದು ಪೊರೆ ಸಡಿಲಾಯಿತು. ಒಂದು ಎಚ್ಚರಿಕೆ: ಬಾಯ್ಲರ್ ಅಲ್ಯೂಮಿನಿಯಮ್ಮಿನದಾಗಿದ್ದರೆ ರಾತ್ರಿಯಿಡೀ ನೆನೆಹಾಕಬಾರದು, ಹುಳಿ ಲೋಹವನ್ನೇ ತಿನ್ನುತ್ತದೆ. ಆಕೆ ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು, ತೊಳೆದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರು. ಈಗ ಟ್ಯಾಂಕಿಗೆ ಹಾಕುವುದು ಕಾವೇರಿ ನೀರು ಮಾತ್ರ.

ಇಷ್ಟು ಹಳೆಯದಕ್ಕೆ ಬಿಡಿಭಾಗ ಸಿಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಸಿಗುತ್ತದೆ, ಅದಕ್ಕೊಂದು ಹಿನ್ನೆಲೆಯಿದೆ. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳು ಆವಿಯನ್ನು ನೆಚ್ಚಿದ್ದವು. ಅಕಿಲೆ ಗಾಜ್ಜಿಯಾ ಎರಡನೇ ಮಹಾಯುದ್ಧದ ನಂತರ ಸ್ಪ್ರಿಂಗು, ಪಿಸ್ಟನ್ನುಗಳಿಂದ ಒತ್ತಡ ಏರಿಸಿ ಎಸ್ಪ್ರೆಸೊದ ಮೇಲೆ ಹೊಂಬಣ್ಣದ ಕ್ರೆಮಾ ಪದರ ತಂದರು. 1961ರ ಫೇಮಾ ಇ61 ಯಂತ್ರ ಆ ಕೆಲಸವನ್ನು ಪಂಪಿಗೆ ಒಪ್ಪಿಸಿತು. ಅದರ ವಿನ್ಯಾಸದ ಯಂತ್ರಗಳನ್ನು ಇಂದಿಗೂ ಹಲವು ಕಂಪನಿಗಳು ಮಾಡುತ್ತವೆ. ಪುಡಿ ತುಂಬುವ ಹಿಡಿಕೆಯ 58 ಮಿಲಿಮೀಟರ್ ಅಳತೆ ಹೋಟೆಲ್ ಯಂತ್ರಗಳಿಂದ ಮನೆಯ ಯಂತ್ರಗಳವರೆಗೆ ಹರಡಿದೆ. ಹಳೇ ಯಂತ್ರ ಕೊಳ್ಳುವವರು ಹೊಳಪು ನೋಡುವ ಮುಂಚೆ ಈ ಅಳತೆ ನೋಡಬೇಕು. ಬೇರೆ ದೇಶದಿಂದ ಬಂದದ್ದಾದರೆ ವೋಲ್ಟೇಜನ್ನೂ ನೋಡಬೇಕು. ಇಟಲಿಯ 230 ವೋಲ್ಟ್, 50 ಹರ್ಟ್ಸ್ ಯಂತ್ರ ನಮ್ಮಲ್ಲಿ ನೇರವಾಗಿ ನಡೆಯುತ್ತದೆ, ಅಮೆರಿಕದ 120 ವೋಲ್ಟಿನದು ನಡೆಯುವುದಿಲ್ಲ. 1400 ವ್ಯಾಟ್ ಎಂದರೆ 6 ಆಂಪಿಯರಿಗಿಂತ ತುಸು ಹೆಚ್ಚು. ಹಾಗಾಗಿ ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸದೆ, ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು.

ಮನೆಯ ಖರ್ಚಿನ ಪುಸ್ತಕದಲ್ಲಿ ಆ ಯಂತ್ರಕ್ಕೆ ಒಂದು ಪುಟವಿದೆ. ಯಂತ್ರ 8,000, ಬೇಡದ ಪಂಪು 2,600, ಮೀಟರು 450, ಫ್ಯೂಸು ಎರಡು 80, ರಬ್ಬರ್ ಗ್ಯಾಸ್ಕೆಟ್ಟು ಮತ್ತು ನೀರು ಹನಿಸುವ ಜರಡಿ 1,150, ನಿಂಬೆಉಪ್ಪು 60, ಆಹಾರಕ್ಕೆ ಬಳಸಬಹುದಾದ ಗ್ರೀಸು 300, ಪ್ಲಗ್ಗು ಮತ್ತು ವೈರು 400. ಒಟ್ಟು 13,040. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದಾಗ ಕಾಫಿ ಪುಡಿ ಕೈಕೊಟ್ಟಿತು. ಮಿಕ್ಸಿಯ ಬ್ಲೇಡು ಬೀಜವನ್ನು ಒಂದಷ್ಟು ಧೂಳು, ಒಂದಷ್ಟು ತರಿ ಮಾಡುತ್ತದೆ, ನೀರು ತರಿಯ ನಡುವೆ ದಾರಿ ಮಾಡಿಕೊಂಡು ಓಡಿಬಿಡುತ್ತದೆ. ಫಿಲ್ಟರಿಗೆಂದು ಚಿಕೋರಿ ಬೆರೆಸಿದ ಪುಡಿಯೂ ಇದಕ್ಕೆ ಒಗ್ಗುವುದಿಲ್ಲ. ಕೊನೆಗೆ 7,500 ರೂಪಾಯಿಯ ಕೈಗ್ರೈಂಡರ್ ಬಂತು, ಲೆಕ್ಕ 20,540ಕ್ಕೆ ಏರಿತು. ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹೇಳಿಕೊಳ್ಳುವವರು ಗ್ರೈಂಡರಿನ ಬೆಲೆ ಸೇರಿಸಿ ಹೇಳುವುದನ್ನು ಈ ಅಂಕಣಕಾರ್ತಿ ಇನ್ನೂ ಕೇಳಿಲ್ಲ.

ಈ ದುಡ್ಡು ಯಾವಾಗ ಹುಟ್ಟುತ್ತದೆ? ಅವರ ಬಡಾವಣೆಯ ಕೆಫೆಯಲ್ಲಿ ಒಂದು ಕಪುಚಿನೊ 220 ರೂಪಾಯಿ. ಮನೆಯಲ್ಲಿ 18 ಗ್ರಾಂ ಬೀಜ ಮತ್ತು ಹಾಲು ಸೇರಿ 30. ಕಪ್ಪಿಗೆ 190 ಉಳಿಯಿತು, 109 ಕಪ್ಪಿಗೆ ಬಂಡವಾಳ ವಾಪಸ್ಸು ಎಂದು ಹೇಳಿಬಿಡಬಹುದು. ಆದರೆ ಆಕೆ ಕೆಫೆಗೆ ಹೋಗುತ್ತಿದ್ದುದು ವಾರಕ್ಕೆ ಎರಡೇ ಸಲ. ಉಳಿದ ಐದು ದಿನ ಕುಡಿಯುತ್ತಿದ್ದುದು 14 ರೂಪಾಯಿ ಬೀಳುವ ಫಿಲ್ಟರ್ ಕಾಫಿ. ಆ ದಿನಗಳಲ್ಲಿ ಕಪ್ಪಿಗೆ 16 ರೂಪಾಯಿ ಹೆಚ್ಚೇ ಖರ್ಚು, ಐದು ದಿನಕ್ಕೆ 80. ಎರಡು ದಿನದ ಉಳಿತಾಯ 380ರಲ್ಲಿ ಆ 80 ಕಳೆದರೆ ವಾರಕ್ಕೆ ಸಿಗುವುದು 300. ಬಂಡವಾಳ ಮರಳಲು 68 ವಾರ ದಾಟಬೇಕು. ಕರೆಂಟಿನ ಖರ್ಚು ಹೆಚ್ಚಿಲ್ಲ, ಕಾಲು ಗಂಟೆ ಬಿಡದೆ ಉರಿದರೂ 0.35 ಯೂನಿಟ್.

ನಾಲ್ಕನೇ ಭಾನುವಾರ ಸಂಜೆ ಚಿಕ್ಕಮಗಳೂರಿನ ಅರೇಬಿಕಾಗೆ ಸ್ವಲ್ಪ ಕೊಡಗಿನ ರೊಬಸ್ಟಾ ಸೇರಿಸಿ ಬೀಸಿದ 18 ಗ್ರಾಂ ಪುಡಿ ಒತ್ತಿ ಹಿಡಿಕೆ ತಿರುಗಿಸಿದರು. ಕ್ರೆಮಾ ದಪ್ಪಗೆ ಕಟ್ಟಲೆಂದು ಇಟಲಿಯವರೂ ತಮ್ಮ ಮಿಶ್ರಣಗಳಿಗೆ ರೊಬಸ್ಟಾ ಬೆರೆಸುತ್ತಾರೆ, ಭಾರತದ ಕಾಫಿಯ ದೊಡ್ಡ ಗಿರಾಕಿಯೂ ಅವರೇ. 28 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಜೇನಿನ ಎಳೆಯಂತೆ ಇಳಿಯಿತು. ಅತ್ತೆ ಒಂದು ಗುಟುಕು ಕುಡಿದು, ‘ಕಹಿ ಚೆನ್ನಾಗಿದೆ ಕಣಮ್ಮ, ಬೆಳಗ್ಗೆ ಮಾತ್ರ ನನಗೆ ಫಿಲ್ಟರ್ ಕಾಫಿನೇ ಇರಲಿ’ ಎಂದರು.

ಅಂದಿನಿಂದ ತಿಂಗಳಿಗೆ 150 ರೂಪಾಯಿ ಯಂತ್ರದ ಹೆಸರಿನಲ್ಲಿ ಬೇರೆ ಡಬ್ಬಿಗೆ ಬೀಳುತ್ತಿದೆ. ಹೋದ ತಿಂಗಳು ಗ್ಯಾಸ್ಕೆಟ್ಟು ಗಡುಸಾಗಿ ಹಿಡಿಕೆಯ ಸುತ್ತ ನೀರು ಒಸರಿದಾಗ ಹೊಸದನ್ನು ತಂದದ್ದು ಆ ಡಬ್ಬಿಯ ದುಡ್ಡಿನಿಂದಲೇ. ಬದಲಿಸಲು ಹಿಡಿದದ್ದು ಹದಿನೈದು ನಿಮಿಷ, ಪಡ್ಡಿನ ಕಾವಲಿಯ ಎರಡು ಗುಳಿ.