ಬೆಂಡು ಮಲಗಿದಾಗ

ತಮ್ಮಾ,

ಮಿನಿಯಾಪೊಲಿಸ್‌ನಲ್ಲಿ ಕೆರೆ ಹೆಪ್ಪುಗಟ್ಟಿದೆ, ಗೆಳೆಯರ ಜೊತೆ ಮೀನಿಗೆ ಹೊರಟಿದ್ದೇನೆ, ಎಂಥ ಕೋಲು ತಗೊಳ್ಳಲಿ ಅಜ್ಜಾ ಅಂತ ಕೇಳಿದ್ದೀ. ರಾಯಾಪುರದಲ್ಲಿ ಕೌದಿ ಹೊದ್ದು ಕೂತವನನ್ನು ಬರ್ಫಿನ ಮೀನಿನ ಬಗ್ಗೆ ಕೇಳುತ್ತಾನಲ್ಲ ಅಂತ ನಿನ್ನ ಅಜ್ಜಿಗೆ ನಗು. ಆದರೆ ನಿಮ್ಮಲ್ಲಿಗೆ ಬಂದಿದ್ದ ಆ ಜನವರಿಯಲ್ಲಿ ಪಕ್ಕದ ಮನೆಯ ಹಿರಿಯರ ಜೊತೆ ನಾಲ್ಕು ಸಲ ಕೆರೆಯ ಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂತವನು ನಾನು. ಮೂರು ಸಲ ಬರಿಗೈಲಿ ಬಂದೆ. ಯಾಕೆ ಬಂದೆ ಅನ್ನುವುದನ್ನೇ ಬರೆಯುತ್ತೇನೆ.

ನಾನು ಮೀನು ಹಿಡಿಯಲು ಕಲಿತದ್ದು ಉಣಕಲ್ ಕೆರೆಯಲ್ಲಿ. ಹತ್ತಡಿ ಬಿದಿರು, ಜೋಳದ ದಂಟಿನ ಬೆಂಡು, ಗಾಳಕ್ಕೆ ಕಣಕದ ಉಂಡೆ. ಜಿಲೇಬಿ ಮೀನು ಕಚ್ಚಿದರೆ ಬೆಂಡು ಸರ್ರಂತ ಮುಳುಗುತ್ತಿತ್ತು. ಒಮ್ಮೊಮ್ಮೆ ಮುಳುಗುತ್ತಿರಲಿಲ್ಲ, ನೆಟ್ಟಗೆ ನಿಂತದ್ದು ಸುಮ್ಮನೆ ಮಗ್ಗುಲಾಗುತ್ತಿತ್ತು. ನಾವು ಗಾಳಿ ಅಂದುಕೊಳ್ಳುತ್ತಿದ್ದೆವು. ದಂಡೆಯಲ್ಲಿ ಕೂತಿದ್ದ ಒಬ್ಬ ಮುದುಕ ಒಂದು ದಿನ ಗದರಿಸಿದ: "ಏ ಹುಡುಗಾ, ಬೆಂಡು ಮಲಗಿತಂದ್ರ ಮೀನು ಗಾಳಾ ಬಾಯಾಗ ಹಿಡ್ಕೊಂಡು ಮ್ಯಾಲ ಎದ್ದದ. ಎಳೀ!" ಕೆಳಗಿನ ಭಾರವನ್ನು ಮೀನೇ ಹೊತ್ತುಕೊಂಡರೆ ಬೆಂಡನ್ನು ನೆಟ್ಟಗೆ ನಿಲ್ಲಿಸುವವರು ಯಾರು? ಇದನ್ನು ಮನಸ್ಸಿನಲ್ಲಿಟ್ಟುಕೋ, ನಿನ್ನ ಕೆರೆಯಲ್ಲೂ ಕೆಲಸಕ್ಕೆ ಬರುತ್ತದೆ.

ನಿಮ್ಮ ಬ್ಲೂಗಿಲ್, ಕ್ರಾಪಿ ನೋಡಲು ನಮ್ಮ ಜಿಲೇಬಿಯ ದಾಯಾದಿಗಳ ಹಾಗೆ: ಅಂಗೈಯಗಲ, ಚಪ್ಪಟೆ, ಬಾಣಲೆಗೆ ಹೇಳಿ ಮಾಡಿಸಿದ್ದು. ಸ್ವಭಾವ ಮಾತ್ರ ಬೇರೆ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಅದಕ್ಕೇ ಅದು ತಳ ಸೇರುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ತೇಲಿ ಹೆಪ್ಪುಗಟ್ಟುತ್ತದೆ. ಆ ತಣ್ಣೀರಲ್ಲಿ ಮೀನಿನ ಮೈಯೂ ತಣ್ಣಗೆ, ಹಸಿವೂ ಸಣ್ಣದು. ಬೆನ್ನಟ್ಟುವುದಿಲ್ಲ, ಎಳೆದಾಡುವುದಿಲ್ಲ. ಹತ್ತಿರ ಬಂದು ನೋಡಿ, ಬಾಯಿಗೆ ಎಳೆದುಕೊಂಡು, ರುಚಿಸದಿದ್ದರೆ ಉಗುಳುತ್ತದೆ. ನಿನಗೆ ಸಿಗುವುದು ಆ ಒಂದು ಗಳಿಗೆ. ನಾನು ಮೂರು ಸಲ ಕಳೆದುಕೊಂಡದ್ದು ಅದನ್ನೇ. ನನ್ನ ಕೈಯಲ್ಲಿದ್ದ ಕೋಲು ಬಿರುಸು, ದಾರ ದಪ್ಪ. ಮೀನು ಬಂದು ಹೋದದ್ದು ಕೈಗೆ ತಿಳಿಯಲೇ ಇಲ್ಲ.

ಕೋಲು ಎರಡೂವರೆ ಅಡಿ ಇದ್ದರೆ ಸಾಕು. ಇಲ್ಲಿ ಮೀನು ದಂಡೆಯಿಂದ ದೂರ, ಅದಕ್ಕೆ ಉದ್ದ ಬಿದಿರು. ಅಲ್ಲಿ ನೀನು ಮೀನಿನ ನೆತ್ತಿಯ ಮೇಲೆಯೇ ಕೂತಿರುತ್ತೀ. ತುದಿ ಮಾತ್ರ ಮೆದುವಾಗಿರಲಿ. ತುದಿಗೆ ತೆಳ್ಳನೆಯ ತಂತಿಯ ಸ್ಪ್ರಿಂಗ್ ಸಿಗುತ್ತದೆ, ಹಾಕಿಸಿಕೋ. ಜಿಗ್‌ನ, ಅಂದರೆ ಲೋಹದ ಕಾಳು ಕೂರಿಸಿದ ಗಾಳದ, ಭಾರಕ್ಕೆ ಅದು ಸ್ವಲ್ಪ ಬಾಗಿರಬೇಕು, ಪೂರ್ತಿ ಅಲ್ಲ. ಮೀನು ಕೆಳಗೆ ಎಳೆದರೆ ಇನ್ನೂ ಬಾಗುತ್ತದೆ. ಕ್ರಾಪಿ ಕಚ್ಚಿ ಮೇಲೆದ್ದರೆ ನೆಟ್ಟಗಾಗುತ್ತದೆ. ನೆಟ್ಟಗಾದದ್ದನ್ನು ನೋಡಿ ಏನೂ ಇಲ್ಲ ಅಂತ ಕೂರಬೇಡ. ಉಣಕಲ್‌ನ ಬೆಂಡು ಮಲಗಿತು ಅಂತ ತಿಳಿ.

ದಾರ 2 ಅಥವಾ 3 ಪೌಂಡಿನದು. ಒಂದೂವರೆ ಕಿಲೋ ತೂಗಿದರೆ ಹರಿಯುವ ದಾರವೇ ಅಂತ ಮುಖ ಗಂಟು ಹಾಕಬೇಡ, ನೀನು ಹಿಡಿಯುವ ಮೀನು ಕಾಲು ಕಿಲೋ ಇದ್ದರೆ ಹೆಚ್ಚು. ದಪ್ಪ ದಾರ ಚಳಿಗೆ ಸುರುಳಿ ಬಿಡದೆ ಸೆಡೆತು ನಿಲ್ಲುತ್ತದೆ, ಸಣ್ಣ ಜಿಗ್ ಅದನ್ನು ಜಗ್ಗಲಾರದು. ರೀಲು ದಾರವನ್ನು ತಿರುಚದಂಥದ್ದಾಗಿರಲಿ. ತಿರುಚಿದರೆ ಕೆಳಗೆ ಜಿಗ್ ಬುಗುರಿಯಂತೆ ಸುತ್ತುತ್ತದೆ, ಮೀನು ಮುಖ ತಿರುಗಿಸುತ್ತದೆ. ಅಷ್ಟೇ ಸಾಕು, ರೀಲಿನ ಮೇಲೆ ದುಡ್ಡು ಸುರಿಯಬೇಡ.

ದುಡ್ಡು ಹಾಕುವುದಾದರೆ ಜಿಗ್‌ಗೆ ಹಾಕು. ಟಂಗ್‌ಸ್ಟನ್‌ನದು ಕೇಳು. ಸೀಸಕ್ಕಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಭಾರ, ಹಾಗಾಗಿ ನಾಲ್ಕು ಮಿಲಿಮೀಟರಿನ ಕಾಳೇ ದಾರವನ್ನು ಬಿಗಿ ಹಿಡಿದು ಸರಸರ ಇಳಿಯುತ್ತದೆ. ಸೀಸವನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಮಿನ್ನೆಸೋಟದ ರಾಜ್ಯಪಕ್ಷಿ ಲೂನ್, ಕೆರೆಯ ತಳದ ಸೀಸವನ್ನು ನುಂಗಿ ವಿಷವೇರಿ ಸಾಯುತ್ತದೆ.

ಗಂಟಿನ ಬಗ್ಗೆ ನಾಲ್ಕು ಮಾತು ಹೆಚ್ಚಾದರೂ ಕೇಳು. ನಾಲ್ಕನೇ ಭಾನುವಾರ ಆ ಹಿರಿಯರು ನನ್ನ ದಾರವನ್ನೆತ್ತಿ ನೋಡಿ, ಏನೂ ಹೇಳದೆ ಉಗುರಿನಿಂದ ಗಂಟನ್ನು ಜಿಗ್‌ನ ಕಣ್ಣಿನ ನೆತ್ತಿಗೆ ಸರಿಸಿದರು. ಜೋತುಬಿದ್ದಿದ್ದ ಜಿಗ್ ಅಡ್ಡಕ್ಕೆ, ನೀರಲ್ಲಿ ಈಜುವ ಹುಳದ ಹಾಗೆ ನಿಂತಿತು. ಹತ್ತು ನಿಮಿಷದಲ್ಲಿ ನನ್ನ ಮೊದಲ ಬ್ಲೂಗಿಲ್. ಪ್ರತಿ ಮೀನಿನ ನಂತರ ಗಂಟು ಜಾರುತ್ತದೆ, ಪ್ರತಿ ಸಲವೂ ಸರಿಸಬೇಕು. ಕೈಗವಸು ತೆಗೆಯಲು ಬೇಸರಪಟ್ಟವನಿಗೆ ಮೀನಿಲ್ಲ.

ಗಾಳಕ್ಕೆ ಸಿಕ್ಕಿಸುವುದು ಮೇಣದ ಪತಂಗದ ಹುಳು. ಇಲ್ಲಿ ಜೇನು ಸಾಕುವವರು ಪೆಟ್ಟಿಗೆ ಹಾಳುಮಾಡಿತು ಅಂತ ಶಪಿಸುವ ಹುಳುವನ್ನೇ ಅಲ್ಲಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ! ಡಬ್ಬಿ ಒಳಜೇಬಿನಲ್ಲಿರಲಿ, ಸೆಟೆದ ಹುಳು ಯಾರಿಗೂ ಬೇಡ. ಕೋಲಿನ ತುದಿಯ ಕಡಗದಲ್ಲಿ ಬರ್ಫ ಕಟ್ಟಿದರೆ ಕುಟ್ಟಬೇಡ, ಬೆರಳಲ್ಲಿ ಹಿಡಿದು ಕರಗಿಸು.

ಮೊದಲು ತಳ ಮುಟ್ಟಿಸಿ ಆಳ ತಿಳಿದುಕೋ, ಆಮೇಲೆ ಒಂದಡಿ ಎತ್ತಿ ಹಿಡಿ. ಕುಣಿಸಬೇಡ, ನಡುಗಿಸು. ನಡುವೆ ಸುಮ್ಮನಿರು. ಸಂಜೆಯಾದಂತೆ ಕ್ರಾಪಿ ನಡುನೀರಿಗೆ ಏಳುತ್ತದೆ. ಅದರ ದೃಷ್ಟಿ ಮೇಲಕ್ಕೆ, ಗಾಳ ಅದರ ತಲೆಯ ಮೇಲಿರಬೇಕು, ಕೆಳಗಿದ್ದರೆ ಕಾಣದು. ಕಚ್ಚಿದಾಗ ಜಗ್ಗಬೇಡ, ಅದರ ತುಟಿ ಹಪ್ಪಳ ಇದ್ದ ಹಾಗೆ, ಹರಿದುಹೋಗುತ್ತದೆ. ಮಣಿಕಟ್ಟು ಎತ್ತಿದರೆ ಸಾಕು.

ಲೈಸೆನ್ಸ್ ಮಾಡಿಸು. ರಾಜ್ಯದ ಸಾಮಾನ್ಯ ಲೆಕ್ಕದಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದದ್ದು ಬ್ಲೂಗಿಲ್ ಜಾತಿಯವು 20, ಕ್ರಾಪಿ 10, ಕೆಲವು ಕೆರೆಗಳಲ್ಲಿ ಇನ್ನೂ ಕಡಿಮೆ, ನೋಡಿಕೊಂಡು ಹೋಗು. ದೊಡ್ಡ ಬ್ಲೂಗಿಲ್ ಸಿಕ್ಕರೆ ಫೋಟೋ ತೆಗೆದು ಬಿಟ್ಟುಬಿಡು. ಬೇಸಿಗೆಯಲ್ಲಿ ಗೂಡು ಕಾಯುವ ದೊಡ್ಡ ಗಂಡುಗಳನ್ನು ಹಿಡಿದು ಮುಗಿಸಿದರೆ ಉಳಿದವು ಗಿಡ್ಡವಾಗಿಯೇ ಉಳಿಯುತ್ತವೆ. ಬಾಣಲೆಗೆ ನಡುಗಾತ್ರದವೇ ರುಚಿ. ಉಪ್ಪು, ಹುಣಸೆಹುಳಿ, ಬ್ಯಾಡಗಿ ಖಾರ ಹಚ್ಚಿ, ರವೆಯಲ್ಲಿ ಹೊರಳಿಸು ಅಂತ ಅಜ್ಜಿ ಹೇಳಿಸುತ್ತಿದ್ದಾಳೆ. ಖಾರ ಪಾರ್ಸೆಲ್ ಮಾಡಿದ್ದೇವೆ, ಜೊತೆಗೆ ಜೋಳದ ಬೆಂಡು ಎರಡು.

ಬರ್ಫ ನಾಲ್ಕು ಇಂಚಿಗೆ ಕಡಿಮೆಯಿದ್ದರೆ ಕಾಲಿಡಬೇಡ. ಅದೂ ತಿಳಿಯಾದ ಹೊಸ ಬರ್ಫಿನ ಲೆಕ್ಕ. ಬೆಳ್ಳಗಿದ್ದರೆ ದುಪ್ಪಟ್ಟು ದಪ್ಪ ಬೇಕು. ನಡೆಯುತ್ತಾ ನಡೆಯುತ್ತಾ ಕೊರೆದು ಅಳೆ, ನಿನ್ನೆ ಯಾರೋ ಹೋಗಿದ್ದರು ಅನ್ನುವ ಮಾತು ನಂಬಬೇಡ. ನಿನ್ನ ಬೆಳಗಿನ ಏಳು ಅಂದರೆ ಇಲ್ಲಿ ಸಂಜೆ ಆರೂವರೆ, ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ದಂಡೆಯ ಹತ್ತಿರ ಮೊದಲ ತೂತು ಕೊರೆದವನೇ ಫೋನ್ ಮಾಡಿ ಎಷ್ಟು ಇಂಚು ಅಂತ ಹೇಳಿ, ಆಮೇಲೆ ಮುಂದೆ ಹೋಗು.